ತಿರುಗಿದ ಕುತ್ತಿಗೆ

“ಅಮ್ಮಾ, ಗುರುರಾಜ ಅಜ್ಜಾರ ಕುತ್ತಿಗಿ ಇವತ್ತ ಹೆಂಗ ತಿರುಗಿತು?”

ಹರ್ಷದಾ ಶಾಲೆಯ ಶೂ ಹಾಕಿಕೊಳ್ಳುತ್ತ ಕೇಳಿದಳು. ಎದುರು ಮನೆ ಬಾಗಿಲ ಮುಂದೆ ನೀರು ನಿಂತಿತ್ತು, ಮಗು ಜಾರೀತೆಂದು ನಾನು ಒರೆಸುತ್ತಿದ್ದೆ. ಕೈ ಅಲ್ಲೇ ನಿಂತಿತು.

ಎದುರು ಮನೆಯವರು ಗುರುರಾಜ ಕಾಕಾ. ನಾವು ತೆಲುಗು ಸೀಮೆಯ ಕೂಕಟ್‌ಪಲ್ಲಿಯ ಈ ಫ್ಲ್ಯಾಟಿಗೆ ಬಂದಾಗಿನಿಂದ ಅವರ ಕುತ್ತಿಗೆ ತಿರುಗಿದ್ದನ್ನು ನಾನು ಕಂಡಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಪಾದ ಸರಿಸಿ ಸರಿಸಿ, ಕಪಾಟು ತಿರುಗಿಸಿದ ಹಾಗೆ ಇಡೀ ಮೈ ತಿರುಗಿಸುತ್ತಾರೆ.

ನೀರಾವರಿ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಹರೆಯದಲ್ಲೇ ಬೆಳಗ್ಗೆ ಏಳುವಾಗ ಬೆನ್ನು ಹಲಗೆಯಾಗಿರುತ್ತಿತ್ತಂತೆ. ಮೇಜಿನ ಮೇಲೆ ಬಗ್ಗಿ ಬಗ್ಗಿ ಹೀಗಾಯಿತೆಂದು ಮನೆಯವರು ಎಣ್ಣೆ ತಿಕ್ಕುತ್ತ ಹೋದರು. ರೋಗಕ್ಕೆ ಹೆಸರು ಸಿಕ್ಕಿದ್ದು ತಡವಾಗಿ: ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬೆನ್ನಿನ ಮಣಿಗಳು ಒಂದಕ್ಕೊಂದು ಬೆಸೆದು ಒಂದೇ ಕೋಲಾಗುತ್ತವೆ. ಮೇಲ್ಬೆನ್ನು ಗೂನಾದದ್ದಕ್ಕೆ ಕೈಫೋಸಿಸ್ ಎಂದರು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, “ಆಗೇತಲ್ಲ. ಸ್ಪಾಂಡಿಲೈಟಿಸ್ ಹಿರೇ ಹೆಂಡತಿ, ಕೈಫೋಸಿಸ್ ಕಿರೇ ಹೆಂಡತಿ. ಇಬ್ಬರೂ ಬಿಟ್ಟು ಹೋಗಾಕ ಒಲ್ಲರು,” ಎನ್ನುತ್ತಿದ್ದರು.

ಒಮ್ಮೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿದ್ದೆ. ಎಕ್ಸ್-ರೇ ಹಿಡಿದ ಡಾಕ್ಟರು, ಇಂಥದನ್ನು ನಾವು ಬಿದಿರು ಬೆನ್ನು ಅನ್ನುತ್ತೇವೆ ಎಂದರು. ಕಾಕಾ ನನಗೆ ಕನ್ನಡದಲ್ಲಿ, “ಎಲ್ಲಾರೂ ಬಿದಿರಿನ ಚಟ್ಟದ ಮ್ಯಾಲೆ ಹೋಗ್ತಾರ. ನಾ ಬಿದಿರು ಒಳಗ ಇಟ್ಕೊಂಡ ಅಡ್ಡಾಡಾಕತ್ತೀನಿ ನೋಡು,” ಎಂದು ನಕ್ಕರು. ಡಾಕ್ಟರು ನನ್ನನ್ನು ಹೊರಗೆ ಕರೆದು ತೆಲುಗಿನಲ್ಲಿ ಹೇಳಿದರು: ಸ್ವಲ್ಪ ಬಿದ್ದರೂ ಕರಕೊಂಡು ಬನ್ನಿ. ಮುಂದೆ ಎಂದಾದರೂ ಕುತ್ತಿಗೆ ತಾನಾಗಿ ತಿರುಗಿದರೆ ವಾಸಿಯಾಯಿತು ಅಂದುಕೊಳ್ಳಬೇಡಿ. ಬೆಸೆದ ಮೂಳೆ ಮುರಿದಿದೆ ಎಂದು ಅರ್ಥ.

ಆ ಕುತ್ತಿಗೆಗೆ ಇಲ್ಲಿನ ಕನ್ನಡದ ಮನೆಗಳಲ್ಲಿ ಒಂದು ಬೆಲೆಯೂ ಇತ್ತು. ಮಕ್ಕಳಿಲ್ಲದವರು ತೀರಿಕೊಂಡರೆ ನೀರಿನ ಗಡಿಗೆ ಹೊರಲು ಕಾಕಾರನ್ನೇ ಕರೆಯುವರು. ಚಿತೆ ಸುತ್ತಿ, ಗಡಿಗೆ ಒಡೆದು, ಬೆಂಕಿಯಿಟ್ಟವನು ಹಿಂದೆ ನೋಡದೆ ಬರಬೇಕು. ನೋಡಿದರೆ ಹೋದವರು ಬೆನ್ನು ಹತ್ತುತ್ತಾರಂತೆ. ಕಾಕಾ ನೋಡುವ ಮಾತೇ ಇರಲಿಲ್ಲ.

ಕೆಳಗಿನ ಮನೆಯ ಪ್ರಫುಲ್ಲಾಬಾಯಿ ನಿವೃತ್ತ ಟೀಚರು, ಒಂಟಿ ಜೀವ. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಕಾಡಿಸುತ್ತಿದ್ದರು: “ಗುರೂ, ನನ್ನ ಗಡಿಗಿನೂ ನೀನ ಹೊರಬೇಕು. ನಿನ್ನ ಬೆನ್ನ ಹಿಂದಿಂದನ ಮನಿಗೆ ಬರತೀನಿ, ನಿನಗ ಗೊತ್ತೂ ಆಗೂದಿಲ್ಲ.”

“ಬರ್ರಿ ಬಾಯಾರ. ಬಂದ ಮ್ಯಾಲೆ ಚಹಾ ನೀವ ಮಾಡಬೇಕು ಮತ್ತ.”

ನಿನ್ನೆ ಕಾಕಾ ಹೊತ್ತದ್ದು ಅವರ ಗಡಿಗೆಯನ್ನೇ.

ಹರ್ಷದಾಳನ್ನು ಬಸ್ಸಿಗೆ ಹತ್ತಿಸಿ ಓಡಿ ಬಂದು ಅವರ ಬಾಗಿಲು ದೂಡಿದೆ. ಕಾಕಾ ನನಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಿದ್ದರು. “ಬಾ ಮೃಣಾಲಿನಿ,” ಎಂದರು. ಮೈ ಅಲುಗಲಿಲ್ಲ. ಮುಖ ಮಾತ್ರ ಮೆಲ್ಲಗೆ ಭುಜದ ಮೇಲೆ ಬಂದು ನನ್ನ ಕಡೆ ನೋಡಿತು. ದಿನಾ ನೋಡುವ ಮುಖವೇ, ಆದರೆ ಇರಬಾರದ ಜಾಗದಲ್ಲಿತ್ತು.

“ಕಾಕಾ, ಅಲುಗಾಡಬ್ಯಾಡ್ರಿ. ನಿನ್ನೆ ಬಿದ್ರೇನ್ರಿ?”

“ಗಡಿಗಿ ನೀರಿನಾಗ ಕಾಲು ಜಾರಿತು. ಕುಂತಂಗ ಬಿದ್ನಿ, ಎದ್ನಿ. ಅದೇನ ಬೀಳೂದು?”

ಆಂಬುಲೆನ್ಸಿನ ಹುಡುಗರು ಅವರನ್ನು ನೆಟ್ಟಗೆ ಮಲಗಿಸಲು ಹೋದರು. ನಾನು ಬಿಡಲಿಲ್ಲ. ಮನೆಯ ದಿಂಬುಗಳನ್ನೆಲ್ಲ ತಂದು, ಅವರ ಗೂನು ಹೇಗಿತ್ತೋ ಹಾಗೇ ಇರುವಂತೆ ತಲೆಯ ಕೆಳಗೆ ಒಟ್ಟಿದೆ.

ಕುತ್ತಿಗೆಯ ಬುಡದಲ್ಲಿ ಮೂಳೆ ಸೀಮೆಸುಣ್ಣದ ಕಡ್ಡಿಯಂತೆ ಅಡ್ಡ ಮುರಿದಿದೆ ಎಂದರು ಡಾಕ್ಟರು. ಇನ್ನಷ್ಟು ತಿರುಗಿಸಿದ್ದರೆ ಕೈಕಾಲು ಹೋಗುತ್ತಿದ್ದವು, ಉಸಿರೂ ನಿಲ್ಲಬಹುದಿತ್ತು. ನಾಳೆ ಆಪರೇಷನ್. ಸಲಾಕೆ ಹಾಕಿ ಬಿಗಿಯುತ್ತಾರೆ. ಉಳಿಯುವ ಭರವಸೆ ಅವರೂ ಕೊಡಲಿಲ್ಲ.

ಸಂಜೆ ಕಾಕಾರಿಗೆ ಚಮಚೆಯಲ್ಲಿ ನೀರು ಕುಡಿಸಿದೆ. ಮೇಲಿನ ಫ್ಯಾನನ್ನೇ ನೋಡುತ್ತ ಅವರು ಹೇಳಿದರು: “ಬೆಂಕಿ ಇಟ್ಟು ಬರೂವಾಗ ಹಿಂದಿಂದ ‘ಗುರೂ’ ಅಂದಂಗಾತು. ಯಾವಾಗೂ ತಿರುಗದ್ದು ತಿರುಗೇ ಬಿಡ್ತು.”

“ಏನ್ ಕಂಡಿತ್ರಿ?”

“ಯಾರೂ ಇರಲಿಲ್ಲ. ಗಡಿಗಿ ಚಿತಾದ ಹತ್ರನ ಒಡದಿತ್ತು. ಆದ್ರ ನೀರು ನನ್ನ ಹೆಜ್ಜಿ ಹಿಂದ ಸುಡಗಾಡ ಗೇಟಿನ ತನಕ ಬಂದಿತ್ತು.”

“ನಿಮ್ಮ ತೊಯ್ದ ಧೋತರ ಸೋರಿರಬೇಕ್ರಿ.”

“ಇರಬಹುದು,” ಎಂದರು.

ಬೆಳಗ್ಗೆ ಅವರ ಬಾಗಿಲಲ್ಲಿ ಒರೆಸಿದ ನೀರಿನ ಸುದ್ದಿ ನಾನು ಎತ್ತಲಿಲ್ಲ. ಅವರ ಕೈ ಹಾಸಿಗೆಯ ಮೇಲೆ ತಡವರಿಸಿ ನನ್ನ ಸೆರಗು ಹಿಡಿಯಿತು.

“ಒಂದು ಕೆಲಸ ಮಾಡವ್ವಾ. ನಾಳೆ ನನ್ನ ಆಪರೇಷನ್ನಿಗೆ ಒಳಗ ಒಯ್ಯೂವಾಗ ನೀ ಹಿಂದ ಬಾ. ನೆಲದ ಮ್ಯಾಲೆ ನೀರು ಐತೇನ ನೋಡು. ಇದ್ರ ನನಗ ಹೇಳಬ್ಯಾಡ, ಒರಸಲೂ ಬ್ಯಾಡ. ಆಕಿಗೆ ಹೇಳು: ‘ಬಾಯಾರ, ಇಲ್ಲಿಂದ ವಾಪಸ್ ನಡೀರಿ, ಗುರೂನ ಕುತ್ತಿಗಿ ಇನ್ನ ತಿರುಗೂದಿಲ್ಲ.’ ಮೆತ್ತಗ ಹೇಳು. ಭಾಳ ಒಂಟಿ ಇದ್ದಾಕಿ ಆಕಿ.”