ಡೇರೆಗೂ ಒಂದು ಹೊಸ್ತಿಲು

ಹೆಂಡತಿ ತೀರಿಕೊಂಡು ಏಳು ತಿಂಗಳಾದ ಮೇಲೆ ಮಗಳು ನನ್ನನ್ನು ಡೇರೆಯಲ್ಲಿ ಮಲಗಿಸಲು ಕರೆದುಕೊಂಡು ಹೋದಳು. ಹನ್ನೊಂದನೇ ತರಗತಿಯ ಹುಡುಗಿ. ಹಟ ಹಿಡಿದರೆ ಅವಳಮ್ಮನೇ. ಉಡುಮಲೈ ದಾಟಿ ಬೆಟ್ಟದ ಬುಡಕ್ಕೆ ಹೋದರೆ ಅಣೆಕಟ್ಟಿನ ನೀರು ನಿಂತ ದೊಡ್ಡ ಕೆರೆ, ದಡದಲ್ಲಿ ಉದ್ಯಾನ, ಹಿಂದೆ ಕಾಡು. ಬೇಡ ಅನ್ನಲು ಬಾಯಿ ತೆರೆಯಬೇಕಿತ್ತು. ಅಷ್ಟು ಶ್ರಮ ಯಾರು ಪಡುತ್ತಾರೆಂದು ಹೊರಟುಬಿಟ್ಟೆ.

ತಮಿಳು ನಾಡಿನ ಕರುಮತ್ತಂಪಟ್ಟಿಯಲ್ಲಿ ನನ್ನದೊಂದು ಪವರ್‌ಲೂಮ್ ಶೆಡ್ಡು. ಆ ಮಗ್ಗಗಳ ಸದ್ದಿನಲ್ಲಿ ಇಪ್ಪತ್ತೈದು ವರ್ಷ ನಿಂತವನಿಗೆ ಮಾತು ಕಡಿಮೆ. ಮನೆಯಲ್ಲಿ ಮಾತೆಲ್ಲ ಹೆಂಡತಿಯದೇ. ಅಜ್ಜಿಯ ಕಾಲದಿಂದ ನಮ್ಮಲ್ಲೊಂದು ಕಟ್ಟಳೆ ಇತ್ತು: ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟರೆ ತಮಿಳನ್ನೂ ಅಲ್ಲೇ ಬಿಡಬೇಕು. ಒಳಗೆ ಕನ್ನಡವೇ. ಆ ಕನ್ನಡದಲ್ಲಿ ಅರ್ಧ ತಮಿಳೇ ಇರುತ್ತಿತ್ತು, ಮಕ್ಕಳನ್ನು ಮುದ್ದಿನಿಂದ 'ಕಣ್ಣು' ಎನ್ನುವುದೂ ಅಲ್ಲಿಯದೇ, ಅದು ಬೇರೆ ಮಾತು. ಮದುವೆಯಾಗಿ ಬಂದವಳು ಈ ಕಟ್ಟಳೆಯನ್ನು ನನ್ನ ಅಮ್ಮನಿಗಿಂತ ಬಿಗಿಯಾಗಿ ಹಿಡಿದಳು. ಮಗಳು ಶಾಲೆಯಿಂದ ಬಂದು ತಮಿಳಿನಲ್ಲಿ ತಿಂಡಿ ಕೇಳಿದರೆ, "ಯಾರೋ ಬೀದಿಯೋರು ಬಂದವ್ರ" ಎಂದು ಬಾಗಿಲ ಕಡೆ ನೋಡುತ್ತಿದ್ದಳು.

ಅವಳು ಹೋದ ಮೇಲೆ ಅಪ್ಪ ಮಗಳಿಬ್ಬರೂ ಮನೆಯೊಳಗೇ ತಮಿಳಿಗೆ ಜಾರಿದೆವು. ಸಾವಿನ ಮನೆಗೆ ಬಂದ ಅಕ್ಕಪಕ್ಕದವರೊಡನೆ ತಮಿಳು ಆಡಿದೆವು. ಅವರು ಹೋದರು, ತಮಿಳು ಉಳಿಯಿತು. ಅದಾದರೂ ಎಷ್ಟು? "ಸಾಪ್ಪಾಡು?" "ವೇಂಡಾಂ." ಊಟ, ಬೇಡ, ಅಷ್ಟೇ. ನನಗೆ ದುಃಖವೆನ್ನುವುದೂ ಇರಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿದ್ದೆ. ಮಗಳು ನನ್ನೆದುರಿಗೇ ಒಂಟಿಯಾಗುತ್ತಿದ್ದಾಳೆ ಎಂಬುದು ಕಾಣುತ್ತಿತ್ತು. ಅಮ್ಮನ ಜೊತೆ ಅಪ್ಪನೂ ಹೋದನೆಂದು ಅವಳು ಅಂದುಕೊಂಡಿರಬೇಕು. ಕಂಡೂ ಸುಮ್ಮನಿದ್ದೆ.

ಕೆರೆಯ ಬಳಿ ಕಾವಲುಗಾರ ನಿಯಮಗಳನ್ನು ಒಪ್ಪಿಸಿದ. ನೀರಿಗೆ ಇಳಿಯಬಾರದು, ಮೊಸಳೆ. ಕಾಡಿಗೆ ಹೋಗಬಾರದು, ಆನೆ. ಬೆಂಕಿ ಹಾಕಲೇಬಾರದು. ಇನ್ನು ಉಳಿದದ್ದು ಕೂತು ನೋಡುವುದು. ಅದನ್ನು ನಾನು ಏಳು ತಿಂಗಳಿಂದ ಮನೆಯಲ್ಲೇ ಪುಕ್ಕಟೆಯಾಗಿ ಮಾಡುತ್ತಿದ್ದೆ. ಮಗಳು ಗೂಟ ಹೊಡೆದಳು, ಹಗ್ಗ ಬಿಗಿದಳು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ನೀರು ಇತ್ತು, ಬೆಟ್ಟ ಇತ್ತು. ಏನೂ ಅನ್ನಿಸಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಬೆಟ್ಟದ ಕಡೆಯಿಂದ ಮೋಡ ಇಳಿಯಿತು. ಮಗಳು ಡೇರೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎರಡನ್ನೂ ಒಪ್ಪವಾಗಿ ಜೋಡಿಸಿಟ್ಟು ಒಳಗೆ ಹೋದಳು.

"ಅಪ್ಪಾ, ಮಳೆ ಬತ್ತದ. ಒಳಕ್ಕ ಬಾ."

ಏಳು ತಿಂಗಳಲ್ಲಿ ಅವಳು ಆಡಿದ ಮೊದಲ ಕನ್ನಡ ಮಾತು ಅದು. ನನ್ನ ಬಾಯಿ ತನ್ನಷ್ಟಕ್ಕೆ "ವೇಂಡಾಂ" ಎಂದಿತು.

ಆಮೇಲೆ ಬಟ್ಟೆಯ ಗೋಡೆಯ ಆಚೆಯಿಂದ ಮೆಲ್ಲಗೆ ಕೇಳಿಸಿತು.

"ಯಾರೋ ಬೀದಿಯೋರು ಬಂದವ್ರ."

ಅವಳಮ್ಮ ಅದನ್ನು ನಗುತ್ತಾ ಹೇಳುತ್ತಿದ್ದಳು. ಇವಳ ದನಿಯಲ್ಲಿ ನಗು ಇರಲಿಲ್ಲ. ನನಗೆ ನಾಚಿಕೆಯಾಯಿತು. ಅಷ್ಟು ತಿಂಗಳಲ್ಲಿ ನನಗೆ ಆದದ್ದೆಂದರೆ ಅದೊಂದೇ.

ಹನಿ ಬೀಳತೊಡಗಿತು. ಎದ್ದೆ. ಚಪ್ಪಲಿ ಕಳಚಿ ಅವಳದರ ಪಕ್ಕ ಇಟ್ಟು, ಬಗ್ಗಿ ಒಳಗೆ ಹೋದೆ. ಮಾತಿಗೆ ತಡಕಾಡಿದರೆ ಸಿಕ್ಕಿದ್ದು ಹೆಂಡತಿ ದಿನಾ ಸಂಜೆ ಕೇಳುತ್ತಿದ್ದ ಮಾತೇ.

"ಹೊಟ್ಟ ಹಸಿತದಾ, ಕಣ್ಣು?"

ಮಗಳು ಹೌದೆಂದು ತಲೆಯಾಡಿಸಿದಳು, ಆಮೇಲೆ ಬಹಳ ಹೊತ್ತು ಅತ್ತಳು. ನನಗೆ ಅಳು ಬರಲಿಲ್ಲ. ಪಕ್ಕದಲ್ಲಿ ಕೂತು, ಅವಳು ಏನು ಕೇಳಿದರೂ ಕನ್ನಡದಲ್ಲೇ ಉತ್ತರ ಕೊಟ್ಟೆ.