ಅಟ್ರಾಕ್ಟಾಳ ಹಸಿರು ಸಿಂಗಾರ

ಐರ್ಲೆಂಡಿನವರೆಲ್ಲ ಹಸಿರು ತೊಡುವ ಸೇಂಟ್ ಪ್ಯಾಟ್ರಿಕ್ ಹಬ್ಬದ ಬೆಳಿಗ್ಗೆ ಅಟ್ರಾಕ್ಟಾ ಡೊಲಾನ್ ಸಿಂಗರಿಸಿಕೊಂಡು ಹೊರಬಂದರೆ ಬ್ಯಾಲಿಕೊರ್ರಿಯ ಪೇಟೆಬೀದಿ ಅರ್ಧ ತುಂಬಿದಂತೆ. ತಲೆಯ ಮೇಲೆ ಹೊಗೆಗೂಡಿನಷ್ಟು ಎತ್ತರದ ಹಸಿರು ಟೋಪಿ, ಕೊರಳಲ್ಲಿ ಹಸಿರು ಗರಿಗಳ ಹಾರ, ಕಿವಿಯಲ್ಲಿ ಮಿಣುಕುವ ದೀಪದ ಓಲೆ, ಮೊಣಕಾಲಿನವರೆಗೆ ಪಟ್ಟೆಪಟ್ಟೆಯ ಕಾಲುಚೀಲ. ಪ್ಲಾಸ್ಟಿಕ್ಕಿನ ಶ್ಯಾಮ್‌ರಾಕ್ ಮಾತ್ರ ಅವಳಿಗೆ ಆಗದು. ಹಿತ್ತಲಲ್ಲಿ ಕಿತ್ತ ಆ ಮೂರೆಲೆಯ ಸೊಪ್ಪನ್ನು ಬೇರಿನ ಮಣ್ಣು ಸಮೇತ ಎದೆಗೆ ಪಿನ್ನು ಚುಚ್ಚಿ ಸಿಕ್ಕಿಸುತ್ತಾಳೆ, ಬಾಡದಿರಲೆಂದು ಆಗಾಗ ನೀರು ಚಿಮುಕಿಸುತ್ತಾಳೆ. “ಕುರಿಗಳ ಹತ್ರ ಹೋಗ್ಬೇಡಮ್ಮ, ಮೇಯ್ದುಬಿಟ್ಟಾವು,” ಎನ್ನುತ್ತಾನೆ ಮಾಂಸದಂಗಡಿಯ ಮ್ಯಾಲಕಿ. “ನಿನ್ನಂಗ್ಡೀಲಿರೋ ಕುರಿಗಳು ಮೇಯೋ ಸ್ಥಿತೀಲಿಲ್ಲ ಬಿಡಪ್ಪಾ,” ಎಂದು ಅವಳು ಮುಂದೆ ನಡೆಯುತ್ತಾಳೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆಂದು ಊರು ನಗುತ್ತದೆ. ಆದರೆ ಅವಳು ನಿಲ್ಲುವುದು ಯಾವಾಗಲೂ ಅಂಚೆಕಚೇರಿಯ ತಿರುವಿನಲ್ಲೇ, ಹಬ್ಬದ ಮೆರವಣಿಗೆಯ ಟ್ರ್ಯಾಕ್ಟರುಗಳು ನಿಧಾನವಾಗಲೇಬೇಕಾದ ಕಡೆ. ಅವುಗಳಲ್ಲೊಂದನ್ನು ಓಡಿಸುವವನು ಅವಳ ತಮ್ಮ ಫಿಂಟನ್. ಅಮ್ಮ ಬಿಟ್ಟುಹೋದ ಪಿಂಗಾಣಿ ಪಾತ್ರೆಗಳ ಬೀರು ಯಾರಿಗೆಂದು ಜಗಳವಾದಂದಿನಿಂದ ಅವನು ಮಾತು ಬಿಟ್ಟಿದ್ದಾನೆ. ಎಲ್ಲಿ ಎದುರಾದರೂ ಕಾಣಲಿಲ್ಲವೆಂಬ ನೆಪ. ಆ ನೆಪ ಉಳಿಯಬಾರದೆಂದೇ ವರ್ಷವರ್ಷವೂ ಅವಳ ಟೋಪಿ ಒಂದು ಗೇಣು ಬೆಳೆಯುವುದು. ಈ ಸಲ ಫಿಂಟನ್ ತಿರುವಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಯೇಬಿಟ್ಟ. ಹಿಂದಿದ್ದ ವಾದ್ಯದವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. “ಚಳಿ ಹಿಡಿಯುತ್ತೆ ಅಕ್ಕಾ, ಮೇಲೊಂದು ಕೋಟು ಹಾಕ್ಕೋಬಾರ್ದಾ?” ಎಂದ, ಮುಂದೆ ನೋಡುತ್ತಲೇ. “ಹಾಕ್ಕೊಂಡಿದ್ರೆ ನಾನು ನಿನ್ನ ಕಣ್ಣಿಗೆ ಬೀಳ್ತಿದ್ನಾ?” ಎಂದಳು ಅಟ್ರಾಕ್ಟಾ.