ಬೆರಳಿಗೆ ತಿಳಿಯದ ಬಿಸಿ

ಪ್ಲಾಸ್ಟರ್ ಕೋಣೆ ಆಸ್ಪತ್ರೆಯ ಕಾರಿಡಾರಿನ ಕಟ್ಟಕಡೆಗಿತ್ತು. ಅಲ್ಲಿಂದೇಳುವ ಕಿರುಚಾಟ ಉಳಿದ ರೋಗಿಗಳ ಕಿವಿಗೆ ಬೀಳದಿರಲಿ ಎಂದು ಯಾರೋ ಪುಣ್ಯಾತ್ಮರು ಹಾಗೆ ಕಟ್ಟಿಸಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಮುರಿದ ಕೈಕಾಲುಗಳಿಗೆ ಕಟ್ಟು ಹಾಕುತ್ತ, ಮೂಳೆ ಕೂಡಿದ ಮೇಲೆ ಅದನ್ನು ಕತ್ತರಿಸಿ ತೆಗೆಯುತ್ತ ಬಂದವನನ್ನು ಮಕ್ಕಳು ಪ್ಲಾಸ್ಟರ್ ಮಾಮ ಎನ್ನುತ್ತಿದ್ದರು.

ಕಟ್ಟು ಹಾಕಿಸಿಕೊಳ್ಳುವಾಗ ಅಳದ ಮಕ್ಕಳೂ ತೆಗೆಸುವಾಗ ಅಳುತ್ತಿದ್ದರು. ಅದಕ್ಕೆ ಕಾರಣ ಗರಗಸ. ಅದರ ದುಂಡನೆಯ ಹಲ್ಲಿನ ಅಲಗು ತಿರುಗುವುದಿಲ್ಲ, ನಿಂತಲ್ಲೇ ನಡುಗುತ್ತದೆ. ಗಟ್ಟಿಯಾದ ಕಟ್ಟನ್ನು ಕೊರೆಯುತ್ತದೆ, ಮೆತ್ತಗಿನ ಚರ್ಮವನ್ನು ಬರೀ ಅಲುಗಿಸುತ್ತದೆ. ಆದರೆ ಅದರ ಅರಚಾಟ ಕೇಳಿದರೆ ದೊಡ್ಡವರ ಎದೆಯೂ ಝಲ್ಲೆನ್ನಬೇಕು. ಇನ್ನೊಂದು ಕಷ್ಟವೆಂದರೆ ಕೊರೆಯುತ್ತ ಹೋದಂತೆ ಅಲಗು ಕಾಯುತ್ತದೆ. ಸ್ವಲ್ಪ ಕೊರೆದು ನಿಲ್ಲಿಸಬೇಕು, ಬೆರಳಿಟ್ಟು ನೋಡಬೇಕು, ತಣ್ಣಗಿದ್ದರೆ ಮುಂದಕ್ಕೆ.

ಮಾಮ ಹಾಗೆಯೇ ಮಾಡುತ್ತಿದ್ದ. ಮಗು ಅತ್ತರೆ ಹೇಳಲು ಅವನ ಬಳಿ ಒಂದೇ ಮಾತಿತ್ತು: "ಏನೂ ಆಗಲ್ಲ ಕಂದಾ."

ಅವನ ಹೆಂಡತಿಗೆ ಅವನ ಕೈ ಒಂದು ತಮಾಷೆ. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸಿದಾಗಲೆಲ್ಲ, "ಇದೇನು ಕೈಯೋ ಇಕ್ಕಳವೋ? ನನ್ನಪ್ಪ ಇಕ್ಕಳಕ್ಕೇ ಧಾರೆ ಎರೆದುಕೊಟ್ಟುಬಿಟ್ಟ" ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ. ಆ ನಗುವಿನೊಳಗೆ ಎಚ್ಚರಿಕೆಯೊಂದಿತ್ತು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಒಂದೂವರೆ ವರ್ಷದ ಹಿಂದೆ. ಏಳು ವರ್ಷದ ಹುಡುಗಿಯೊಬ್ಬಳ ಕೈಕಟ್ಟು ತೆಗೆಯುತ್ತಿದ್ದ. "ಸುಡ್ತಿದೆ!" ಎಂದು ಅವಳು ಕೂಗಿದಳು. ನಿಲ್ಲಿಸಿ ಮುಟ್ಟಿ ನೋಡಿದ. ತಣ್ಣಗೇ ಇತ್ತು. "ಏನೂ ಆಗಲ್ಲ ಕಂದಾ, ಶಬ್ದಕ್ಕೆ ಹೆದರಿದ್ದೀಯ ಅಷ್ಟೆ" ಎಂದು ಮುಂದುವರಿಸಿದ. ಕಟ್ಟು ಬಿಚ್ಚಿದಾಗ ಮಣಿಕಟ್ಟಿನ ಮೇಲೆ ಕೆಂಪನೆಯ ಗೆರೆ ಎದ್ದಿತ್ತು. ಅವನು ರಿಜಿಸ್ಟರಿನಲ್ಲಿ ಬರೆದ: ಮಗು ಕೈ ಅಲುಗಿಸಿದ್ದರಿಂದ ಗಾಯ. ಅಂದು ಸಂಜೆ ಮನೆಯಲ್ಲಿ ಟೀ ಲೋಟ ಹಿಡಿದು ಆರಿದೆ ಎಂದುಕೊಂಡು ತುಟಿಗಿಟ್ಟ. ತುಟಿ ಸುಟ್ಟಿತು. ಲೋಟ ಹಿಡಿದ ಬೆರಳುಗಳಿಗೆ ಮಾತ್ರ ಸುದ್ದಿಯೇ ಮುಟ್ಟಿರಲಿಲ್ಲ.

ಮರುದಿನದಿಂದ ಪ್ರತಿ ಮಗುವಿಗೂ ಅವನು "ಅಲಗನ್ನು ನೀನೇ ಮುಟ್ಟಿ ನೋಡು" ಎಂದು ಹೇಳತೊಡಗಿದ. ಅದು ಆಟವೆಂದು ಎಲ್ಲರೂ ತಿಳಿದರು. ಯಾಕೆಂದು ಅವನು ಯಾರಿಗೂ ಹೇಳಲಿಲ್ಲ. ರಿಜಿಸ್ಟರಿನ ಸಾಲೂ ಹಾಗೇ ಉಳಿಯಿತು.

ಈಗ ಅದೇ ಹುಡುಗಿ, ಸೈಕಲ್ಲಿನಿಂದ ಬಿದ್ದು ಮುರಿದುಕೊಂಡ ಕಾಲಿನ ಕಟ್ಟು ತೆಗೆಸಲು ಬಂದು, ಮಂಚದ ಮೂಲೆಗೆ ಅಂಟಿಕೊಂಡಿದ್ದಳು. ಬೆಳಗಿನಿಂದ ಎರಡು ಸಲ ವಾಂತಿಯಾಗಿತ್ತು. ಗರಗಸ ಕಂಡೊಡನೆ ಎಷ್ಟು ಜೋರಾಗಿ ಒದ್ದಳೆಂದರೆ ಟ್ರೇ ಗೋಡೆಗೆ ಬಡಿಯಿತು.

"ಬರೀ ತೋರಿಸ್ಕೊಂಡು ಬರೋಣ ಅಂದೆಯಲ್ಲಜ್ಜಿ! ಸುಳ್ಳಿ!"

"ಇಲ್ಲಾಂದ್ರೆ ನೀನು ಆಟೋ ಹತ್ತುತ್ತಿದ್ದೆಯೇನೇ?" ಎಂದು ಅಜ್ಜಿ ಮಾಮನತ್ತ ತಿರುಗಿದಳು. "ಹೋದ ಸಲ ಅಲ್ಲಾಡಿ ಸುಡಿಸ್ಕೊಂಡ್ಳಲ್ಲ, ಅವತ್ತಿಂದ ಹೀಗೇ. ಮಿಕ್ಸಿ ಹಾಕಿದ್ರೂ ಮಂಚದ ಕೆಳಗೆ. ಎಷ್ಟು ಬೈದಿದ್ದೀನೋ ನಾನು."

ಮಾಮ ಬಗ್ಗಿ ಬಿದ್ದ ಟ್ರೇ ಎತ್ತಿಟ್ಟ. ಒಂದೂವರೆ ವರ್ಷ ಈ ಮಗು ತನ್ನದಲ್ಲದ ತಪ್ಪಿಗೆ ಬೈಸಿಕೊಂಡಿತ್ತು.

ಡಾಕ್ಟರಮ್ಮ ಬಾಗಿಲಲ್ಲಿ ಇಣುಕಿದರು. "ಹೊರಗೆ ಹತ್ತೊಂಬತ್ತು ಜನ ಇದ್ದಾರೆ. ಹದಿನೈದು ನಿಮಿಷ ನೋಡಿ. ಆಗಲಿಲ್ಲಾಂದ್ರೆ ನಾಲ್ಕು ಜನರ ಕೈಲಿ ಹಿಡಿಸಿ ತೆಗೆದುಬಿಡೋಣ."

ನಾಲ್ಕು ಜನ ಹಿಡಿದರೆ ಏನಾಗುತ್ತದೆ ಎಂದು ಮಾಮನಿಗೆ ಗೊತ್ತಿತ್ತು. ಕಟ್ಟು ಹೋಗುತ್ತದೆ, ಹೆದರಿಕೆ ಜನ್ಮಕ್ಕೆಲ್ಲ ಉಳಿಯುತ್ತದೆ.

ಅವನು ಗರಗಸವನ್ನು ದೂರವಿಟ್ಟು ನೆಲದ ಮೇಲೆ ಕುಳಿತ.

"ಹೋದ ಸಲ ಸುಡ್ತಿದೆ ಅಂದೆ ನೀನು. ನಿಜವಾಗ್ಲೂ ಸುಡ್ತಿತ್ತು. ನೀನು ಅಲ್ಲಾಡಲಿಲ್ಲ. ನನ್ನ ಬೆರಳಿಗೆ ಬಿಸಿ ಗೊತ್ತಾಗಲಿಲ್ಲ, ನಾನು ನಿನ್ನ ಮಾತು ಕೇಳಲಿಲ್ಲ. ತಪ್ಪು ನಂದು."

ಅಜ್ಜಿ ಮೊಮ್ಮಗಳತ್ತ ತಿರುಗಿದಳು.

ಹುಡುಗಿ ಮೂಲೆಯಿಂದ ಸ್ವಲ್ಪ ಮುಂದೆ ಸರಿದಳು. "ಚಿವುಟ್ಲಾ?"

ಅವನು ತೋರುಬೆರಳು ಚಾಚಿದ. ಅವಳು ಉಗುರೂರಿ ಚಿವುಟಿದಳು.

"ನೋವಾಯ್ತಾ?"

"ಇಲ್ಲ."

"ಸುಳ್ಳು." ಈ ಸಲ ಹಲ್ಲು ಕಚ್ಚಿ ಚಿವುಟಿದಳು. ಅವನ ಮುಖ ಅಲುಗಲಿಲ್ಲ. "ಅಯ್ಯೋ, ಸತ್ತೋಗಿದೆ ಇದು!"

"ಹೂಂ. ಅದಕ್ಕೇ ನಿನ್ನ ಬೆರಳು ಬೇಕು. ಶಬ್ದ ಜೋರಾಗೇ ಇರುತ್ತೆ. ಕಾಲು ಗುಂಯ್ ಅನ್ನುತ್ತೆ. ಬಿಸಿ ಅನ್ನಿಸಿದ್ರೆ ಅಲ್ಲಾಡಬೇಡ, 'ನಿಲ್ಸು' ಅನ್ನು. ನಿಲ್ಸಿ ಆರಿಸ್ತೀನಿ. ನೀನು ಮುಟ್ಟಿ ನೋಡು. ನೀನು 'ನಡಿ' ಅನ್ನೋವರೆಗೂ ನಾನು ನಡೆಯಲ್ಲ."

"ಡಾಕ್ಟ್ರು ಬೈದ್ರೆ?"

"ಬೈಸ್ಕೊಳ್ತೀನಿ."

ಗರಗಸ ಅರಚಿತು. ಹುಡುಗಿ ಕಣ್ಣು ಮುಚ್ಚಲಿಲ್ಲ, ಅಜ್ಜಿಯೇ ಮುಚ್ಚಿಕೊಂಡಳು. ಮೊದಲ ಅಂಗುಲಕ್ಕೇ "ನಿಲ್ಸು!" ಬಿಸಿಯಾಗಿರಲಿಲ್ಲ. ಅವನು ನಿಲ್ಲಿಸುತ್ತಾನೋ ಇಲ್ಲವೋ ಎಂದು ನೋಡಿದ್ದಳು. ಅವನು ನಿಲ್ಲಿಸಿದ. ಅಲಗಿಗೆ ಬೆರಳು ತಾಗಿಸಿ "ನಡಿ" ಎಂದಳು. ಮತ್ತೆ ನಿಲ್ಸು, ಮತ್ತೆ ನಡಿ. ಒಂದು ಬದಿ ಪಾದದವರೆಗೂ ಸೀಳಿತು. ಬಿಳಿಯ ಹುಡಿ ಅವನ ಹುಬ್ಬಿನ ಮೇಲೆ ಕೂತಿತು. ಗಡಿಯಾರದಲ್ಲಿ ಹದಿನೈದು ನಿಮಿಷ ಮುಗಿದಿತ್ತು.

ಇನ್ನೊಂದು ಬದಿಯಲ್ಲಿ, ಪಾದದ ಮೇಲಿನ ಹರಡಿನ ಮೂಳೆ ಚರ್ಮಕ್ಕೆ ಒತ್ತಿಕೊಂಡಿರುವಲ್ಲಿ, ಅವಳ ಕಾಲು ಬಿಗಿಯಿತು.

"ನಿಲ್ಸು. ಬಿಸಿ."

ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಡಾಕ್ಟರಮ್ಮ, ಹಿಂದೆ ನಾಲ್ಕು ಜನ.

"ಇನ್ನೆಷ್ಟಿದೆ?"

"ಮೂರು ಬೆರಳಷ್ಟು."

"ಮತ್ತೆ ನಿಂತಿರೋದ್ಯಾಕೆ?"

"ಬಿಸಿ ಅಂತಿದ್ದಾಳೆ."

"ನೀವು ಮುಟ್ಟಿ ನೋಡಿದ್ರಾ?"

ಮುಟ್ಟಿದ್ದ. ಅವನ ಬೆರಳಿಗೆ ಅದು ತಣ್ಣಗಿತ್ತು. ತಣ್ಣಗಿದೆ ಎಂದರೆ ಎಲ್ಲ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಹುಡುಗಿ ಅವನ ಬಾಯನ್ನೇ ನೋಡುತ್ತಿದ್ದಳು.

"ನನ್ನ ಬೆರಳು ಈ ಕೆಲಸಕ್ಕಾಗಲ್ಲ ಮೇಡಂ. ಬಿಸಿ ಗೊತ್ತಾಗಲ್ಲ. ಹೋದ ಸಲ ಇವಳ ಕೈ ಸುಟ್ಟಿದ್ದು ಅದಕ್ಕೇ. ಮಗು ಅಲ್ಲಾಡಿತು ಅಂತ ರಿಜಿಸ್ಟರಿನಲ್ಲಿ ಸುಳ್ಳು ಬರೆದೆ."

ಡಾಕ್ಟರಮ್ಮ ಮುಂದೆ ಬಂದು ಅಲಗಿಗೆ ಬೆರಳು ತಾಗಿಸಿದರು, ಚಟ್ಟನೆ ಹಿಂದಕ್ಕೆಳೆದುಕೊಂಡರು. ಆ ಬೆರಳನ್ನು ಹೆಬ್ಬೆರಳಿನಿಂದ ಉಜ್ಜುತ್ತ ಒಮ್ಮೆ ಅವನನ್ನು, ಒಮ್ಮೆ ಮಗುವನ್ನು ನೋಡಿದರು.

"ಆರಲಿ," ಎಂದರು ಕೊನೆಗೆ. "ಸಂಜೆ ಆ ರಿಜಿಸ್ಟರ್ ತಗೊಂಡು ನನ್ನ ರೂಮಿಗೆ ಬನ್ನಿ."

ಏಳು ಜನ ಒಂದು ಅಲಗು ಆರುವುದನ್ನೇ ಕಾಯುತ್ತ ನಿಂತರು. ಹುಡುಗಿಗೆ ಮಾತ್ರ ಅವಸರವಿರಲಿಲ್ಲ. ಒಮ್ಮೆ ಮುಟ್ಟಿ ತಲೆಯಾಡಿಸಿದಳು. ಮತ್ತೊಮ್ಮೆ ಮುಟ್ಟಿದಳು.

"ನಡಿ."

ಕಟ್ಟು ಎರಡು ಹೋಳಾಯಿತು. ಒಳಗಿನ ಕಾಲು ಸಣಕಲಾಗಿ, ಹೊಟ್ಟು ಹೊಟ್ಟಾಗಿ, ಅವಳದ್ದೇ ಅಲ್ಲವೆಂಬಂತೆ ಇತ್ತು. ಅವಳು ಬಗ್ಗಿ ಹಿಂದೆ ಮುಂದೆ ಹುಡುಕಿದಳು. ಎಲ್ಲೂ ಕೆಂಪಿರಲಿಲ್ಲ. ಅಜ್ಜಿ ಮೊಮ್ಮಗಳ ಮಣಿಕಟ್ಟಿನ ಹಳೆಯ ಗೆರೆಯನ್ನು ಸವರುತ್ತಿದ್ದಳು.

ಸಂಜೆಗೆ ಏನು ಕಾದಿದೆಯೋ ಮಾಮನಿಗೆ ತಿಳಿದಿರಲಿಲ್ಲ. ಹುಡಿ ಗುಡಿಸುತ್ತಿದ್ದಾಗ ಹೊರಗಿನ ಬೆಂಚಿನಲ್ಲಿ ಪುಟ್ಟ ಮಗುವೊಂದು ಬಿಕ್ಕುವುದು ಕೇಳಿಸಿತು. ಕುಂಟುವ ಹೆಜ್ಜೆಯೊಂದು ಅದರ ಮುಂದೆ ನಿಂತಿತು.

"ಏನೂ ಆಗಲ್ಲ ಅಂತ ಹೇಳಲ್ಲಪ್ಪ ನಾನು. ಶಬ್ದ ಸಿಕ್ಕಾಪಟ್ಟೆ ಜೋರು. ಬಿಸಿಯಾದ್ರೆ ನಿಲ್ಸು ಅನ್ನು, ಅಷ್ಟೇ."

"ನಿಲ್ಸದಿದ್ರೆ?"

"ನಿಲ್ಸ್ತಾರೆ. ನಾನು ನೋಡಿದ್ದೀನಿ."